ಮುಲ್ಕೋವಾಲದ ಸೀಸೆ: ಪ್ಲೇಗು ಲಸಿಕೆಯ ಮೇಲಣ ಒಂದು ಆರೋಪದ ಪರಿಶೀಲನೆ

ಮುಂಬಯಿ ಪ್ರಾಂತದ ಪ್ಲೇಗಿನ ಚರಿತ್ರೆಯನ್ನು ಬರೆಯುವಾಗ, ಸೂಜಿಮದ್ದಿಗೆ ಜನರು ತೋರಿದ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವ ರೂಢಿಯುಂಟು. ಇದು ಅವಸರದ ತೀರ್ಮಾನವೆಂದು ನಾವು ಭಾವಿಸುತ್ತೇವೆ. ನಾಸಿಕ ಜಿಲ್ಲೆಯ ಸಟಾಣಾ, ಧಾರವಾಡ ಜಿಲ್ಲೆಯ ಹುಬ್ಬಳ್ಳಿ ಇವೆರಡೂ ಅಂದು ಒಂದೇ ಪ್ರಾಂತಕ್ಕೆ ಸೇರಿದ್ದವು. ಆ ಪ್ರಾಂತದ ಲಸಿಕೆ ಸಿದ್ಧವಾಗುತ್ತಿದ್ದುದು ವಾಲ್ಡೆಮಾರ್ ಹಾಫ್‌ಕಿನ್‌ರ ಮುಂಬಯಿ ಪ್ರಯೋಗಾಲಯದಲ್ಲಿ. 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಅದನ್ನು ಹಾಕಿಸಿಕೊಂಡರೆಂಬುದನ್ನು ನೆನೆದರೆ, ಅಂಜಿಕೆಯಷ್ಟೇ ನಂಬುಗೆಯೂ ಇದ್ದಿತೆಂಬುದು ಸ್ಪಷ್ಟ.

ಆ ನಂಬುಗೆಗೆ ಪೆಟ್ಟು ಬಿದ್ದುದು ದೂರದ ಪಂಜಾಬಿನಲ್ಲಿ. 1902ರ ಅಕ್ಟೋಬರ್ 30ರಂದು ಮುಲ್ಕೋವಾಲ ಗ್ರಾಮದಲ್ಲಿ ಐದು ಸೀಸೆಗಳಿಂದ 107 ಮಂದಿಗೆ ಲಸಿಕೆ ಹಾಕಲಾಯಿತು. 53-ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಉಳಿದ ನಾಲ್ಕು ಸೀಸೆಗಳಿಂದ ಪಡೆದವರಿಗೆ ಆ ಕೇಡು ತಟ್ಟಲಿಲ್ಲ. ಲಸಿಕೆ ಕಲುಷಿತವಾಗಿತ್ತೆಂಬುದು ಗಾಳಿಸುದ್ದಿಯಲ್ಲ, ನಿಜ. ಕಲುಷಿತವಾದುದು ಎಲ್ಲಿ ಎಂಬುದೇ ವಿವಾದ.

ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಲಾರೆನ್ಸ್ ಜೆಂಕಿನ್ಸ್‌ರ ನೇತೃತ್ವದ ವಿಚಾರಣಾ ಸಮಿತಿಯು, ಸೀಸೆಯ ಬಿರಡೆ ತೆಗೆಯುವ ಮೊದಲೇ, ಅಂದರೆ ತಯಾರಿಕೆಯ ಸ್ಥಳದಲ್ಲಿಯೇ, ದೋಷ ಹೊಕ್ಕಿತೆಂದು ನಿರ್ಣಯಿಸಿತು. ಹಾಫ್‌ಕಿನ್‌ರು ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು ಶಾಖದಿಂದಲೇ ಕ್ರಿಮಿಶುದ್ಧಿ ಮಾಡಲಾರಂಭಿಸಿದ್ದುದು ಈ ತೀರ್ಪಿಗೆ ಆಧಾರವಾಯಿತು. ಅವರು ಹುದ್ದೆಯನ್ನು ಕಳೆದುಕೊಂಡರು.

ಸಾಕ್ಷ್ಯದಲ್ಲಿದ್ದ ಒಂದು ಚಿಕ್ಕ ಸಂಗತಿ ಇದಕ್ಕಿಂತ ಭಾರವಾದುದು. ಬಿರಡೆ ಕೀಳುವ ಚಿಮಟವು ಹಳ್ಳಿಯ ನೆಲಕ್ಕೆ ಬಿದ್ದಿತ್ತು. ಸಹಾಯಕನು ಅದನ್ನು ಸರಿಯಾಗಿ ಶುದ್ಧಿಮಾಡದೆ, ಕ್ರಿಮಿನಾಶಕದಲ್ಲಿ ಅದ್ದಿ ಮತ್ತೆ ಬಳಸಿದ್ದನು. ಧನುರ್ವಾಯುವಿನ ಬೀಜಾಣುಗಳ ನೆಲೆ ಮಣ್ಣೇ. ಅಂಥ ಕ್ಷಣಿಕ ಅದ್ದುವಿಕೆಗೆ ಅವು ಸಾಯುವುದಿಲ್ಲ. ಮೇಲಾಗಿ, ವಾರಗಟ್ಟಲೆ ಮುಚ್ಚಿದ್ದ ದ್ರವದಲ್ಲಿ ಆ ಕ್ರಿಮಿ ಬೆಳೆದಿದ್ದರೆ ದುರ್ವಾಸನೆ ಹೊಮ್ಮಬೇಕಿತ್ತು. ತೆರೆದಾಗ ಅಂಥದೇನೂ ಕಂಡುಬರಲಿಲ್ಲ. ನ್ಯಾಯಾಧೀಶರ ಕಣ್ಣಿಗೆ ಹಗುರವಾದ ಇಂಥ ಸಂಗತಿ ಕ್ರಿಮಿಶಾಸ್ತ್ರಜ್ಞನಿಗೆ ಹಗುರವಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆ ದಾಖಲೆಗಳನ್ನು ಮತ್ತೆ ಪರಿಶೀಲಿಸಿತು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದವರು ‘ಟೈಮ್ಸ್’ ಪತ್ರಿಕೆಯಲ್ಲಿ ಹಾಫ್‌ಕಿನ್‌ರ ಪರ ವಾದಿಸಿದರು. ಅದೇ ವರ್ಷ ಅವರು ಆರೋಪಮುಕ್ತರಾಗಿ, ಮುಂಬಯಿಗಲ್ಲ, ಕಲಕತ್ತೆಗೆ ಮರಳಿದರು. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು.

ಆದುದರಿಂದ ಧಾರವಾಡ, ಬೆಳಗಾವಿ, ವಿಜಾಪುರಗಳ ಪ್ಲೇಗು ಕಾಗದಪತ್ರಗಳನ್ನು ನೋಡುವ ಸಂಶೋಧಕರು ಲಸಿಕೆಯ ನಿರಾಕರಣೆಗಳನ್ನು 1902ಕ್ಕೆ ಮುಂಚಿನವು, ಅನಂತರದವು ಎಂದು ಬೇರ್ಪಡಿಸಿ ಓದುವುದು ಅವಶ್ಯ.