ಪಾತರಗಿತ್ತಿ, ಮರಿಪೋಸಾ

ಚಿಟ್ಟೆ ಎಂಬುದು ನಮ್ಮ ಕಡೆಯ ಮಕ್ಕಳಿಗೆ ಹೆಚ್ಚಾಗಿ ಪಠ್ಯಪುಸ್ತಕದ ಮಾತು. ಮನೆಯ ಮಾತಿನಲ್ಲಿ ಅದು ಪಾತರಗಿತ್ತಿ. ಬೇಂದ್ರೆಯವರ ಪದ್ಯದಿಂದಾಗಿ ಈ ಹೆಸರು ನಾಡಿಗೆಲ್ಲ ಪರಿಚಿತ. ಬಿಡಿಸಿ ನೋಡಿದವರು ಮಾತ್ರ ಕಡಿಮೆ. ಸೂಲಗಿತ್ತಿ, ಒಕ್ಕಲಗಿತ್ತಿ ಇದ್ದಂತೆ ಇದೂ ಒಬ್ಬ ಹೆಣ್ಣಿನ ಹೆಸರೇ. 'ಪಾತ್ರ' ಎಂದರೆ ಹಿಂದೆ ನರ್ತಕಿ. ಅದು ನಾಲಿಗೆಯಲ್ಲಿ ಸವೆದು 'ಪಾತರ' ಆಯಿತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವರ ಮುಂದೆ ಕುಣಿಯುವ ಪಾತ್ರದವರ ಮಾತು ಬರುತ್ತದೆ. ಆ ಸೇವೆಗೆ ರಂಗಭೋಗವೆಂದು ಹೆಸರು, ಅದಕ್ಕಾಗಿ ಭೂಮಿಯನ್ನೂ ಬಿಡುತ್ತಿದ್ದರು. ಅವರ ಬಾಳು ಸುಖದ್ದಾಗಿತ್ತೆಂದು ನಾನು ಹೇಳಲಾರೆ. ಆದರೆ ಅವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವಾಗ ಯಾರಿಗೂ ನಾಚಿಕೆಯಿರಲಿಲ್ಲ. ರಾಜಾಶ್ರಯ ಹೋಯಿತು, ದತ್ತಿ ಹೋಯಿತು. ಶಬ್ದ ಬೈಗುಳವಾಗಿ ಉಳಿಯಿತು.

ಕೆಂಪು ಬಾಳೆಹಣ್ಣಿನ ಕಮಲಾಪುರದಲ್ಲಿ ನಾನು ಪಾಠ ಹೇಳುತ್ತಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಕನ್ನಡಿ ಮುಂದ ನಿಂತ್ರ ನಮ್ಮಜ್ಜಿ ಪಾತರದಾಕಿ ಅಂತ ಬೈತಾಳ್ರಿ. ಪಾತರಗಿತ್ತಿ ಅಂದ್ರೂ ಅದೇ ಏನ್ರಿ?" ಹೌದು, ಎರಡೂ ಒಂದೇ ಬೇರಿನವು ಎಂದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯಲು 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಿದ್ದನ್ನೂ ಹೇಳಿದೆ. ಹುಳಕ್ಕೆ ಅಂದರೆ ಚೆಂದ, ಹುಡುಗಿಗೆ ಅಂದರೆ ಬೈಗುಳ, ಇದು ಯಾವ ನ್ಯಾಯ ಎಂಬ ಅವಳ ಮರುಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಬೇರೆ ಭಾಷೆಗಳವರು ಏನನ್ನುತ್ತಾರೆಂದು ಹುಡುಕುವ ಗೀಳು ಹತ್ತಿತು. ಸ್ಪ್ಯಾನಿಷ್ ಭಾಷೆಯಲ್ಲಿ ಅದು 'ಮರಿಪೋಸಾ'. ಅಲ್ಲಿಯೂ ಒಳಗೆ ಒಬ್ಬ ಹೆಣ್ಣಿದ್ದಾಳೆ! 'ಮರಿ' ಎಂದರೆ ಮರಿಯಾ; 'ಪೋಸಾ' ಎಂದರೆ ಇಳಿದು ಕೂಡು. ಹಾರುವ ಹುಳವನ್ನು ಮಕ್ಕಳು ಹಾಗೆ ಕರೆಯುತ್ತಿದ್ದುದರಿಂದಲೇ ಹೆಸರು ಬಂತೆಂದು ಭಾಷಾಪಂಡಿತರು ವಿವರಿಸುತ್ತಾರೆ. ಲೋಟದ ಎಣ್ಣೆಯ ಮೇಲೆ ತೇಲಿಬಿಟ್ಟು ರಾತ್ರಿಯಿಡೀ ಉರಿಸುವ ಪುಟ್ಟ ದೀಪಕ್ಕೂ ಅದೇ ಹೆಸರು. ನಮ್ಮ ನಂದಾದೀಪದ ನೆನಪಾಗದೆ ಇರದು. ಆ ಶಬ್ದಕ್ಕೂ ಒಂದು ಕೆಟ್ಟ ಅರ್ಥ ಅಂಟಿದೆ: ಹೆಣ್ಣಿಗನೆಂದು ಗಂಡಸರನ್ನು ಹೀಯಾಳಿಸಲು ಅದನ್ನು ಬಳಸುತ್ತಾರೆ.

ಆದರೆ ಡೊಮಿನಿಕನ್ ಗಣರಾಜ್ಯದಲ್ಲಿ ಮರಿಪೋಸಾ ಎಂದರೆ ಜನ ಮೊದಲು ನೆನೆಯುವುದು ಮಿರಾಬಾಲ್ ಸಹೋದರಿಯರನ್ನು. ಸರ್ವಾಧಿಕಾರಿ ಟ್ರುಹಿಯೋ ವಿರುದ್ಧದ ಗುಪ್ತ ಹೋರಾಟದಲ್ಲಿ ಮಿನರ್ವಾಳ ಗುಟ್ಟಿನ ಹೆಸರು ಅದೇ ಆಗಿತ್ತು. 1960ರ ನವೆಂಬರ್ 25ರಂದು ಪತ್ರಿಯಾ, ಮಿನರ್ವಾ, ಮರಿಯಾ ತೆರೇಸಾ ಸೆರೆಮನೆಯಲ್ಲಿದ್ದ ಗಂಡಂದಿರನ್ನು ನೋಡಿ ಹಿಂದಿರುಗುತ್ತಿದ್ದಾಗ ಅವರನ್ನು ಹೊಡೆದು ಕೊಂದು, ಅಪಘಾತವೆಂದು ತೋರಿಸಲು ಜೀಪಿನಲ್ಲಿ ಹಾಕಿ ಕಣಿವೆಗೆ ತಳ್ಳಿದರು. ಜನ ನಂಬಲಿಲ್ಲ. ಮರುವರ್ಷ ಟ್ರುಹಿಯೋನೇ ಹತನಾದ. 1999ರಲ್ಲಿ ವಿಶ್ವಸಂಸ್ಥೆ ನವೆಂಬರ್ 25ನ್ನು ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ದಿನವೆಂದು ಸಾರಿತು. ಉಳಿದ ಒಬ್ಬಳೇ ಸಹೋದರಿ ದೆದೆ, ತನ್ನ ಮಕ್ಕಳ ಜೊತೆಗೆ ತಬ್ಬಲಿಯಾದ ಆರು ಮಕ್ಕಳನ್ನೂ ಬೆಳೆಸಿ, 2014ರವರೆಗೆ ಬದುಕಿದ್ದಳು.