ಆ 2-0 ಇನ್ನೂ ಲೆಕ್ಕದಲ್ಲಿದೆ

ನಮ್ಮೂರ ಬಸ್ ನಿಲ್ದಾಣದ ಚಹಾದಂಗಡಿ ಮುಂದೆ ಇಬ್ಬರು ಹುಡುಗರು ದಿನಾ ಸಂಜೆ ಜಗಳ ಆಡುತ್ತಾರೆ. ಇಬ್ಬರೂ ಒಂದೇ ಓಣಿಯವರು, ಇಬ್ಬರ ಮೈಮೇಲೂ ಕೆಂಪು ಜೆರ್ಸಿ. ದೂರದಿಂದ ನೋಡಿದರೆ ಒಂದೇ ತಂಡದವರು ಅನ್ನಿಸುತ್ತದೆ. ಹತ್ತಿರ ಹೋದರೆ ಒಬ್ಬನ ಎದೆಯ ಮೇಲೆ ಹಕ್ಕಿ, ಇನ್ನೊಬ್ಬನ ಎದೆಯ ಮೇಲೆ ಹಡಗು. ಹಕ್ಕಿ ಲಿವರ್‌ಪೂಲ್‌ನದು, ಹಡಗು ಮ್ಯಾಂಚೆಸ್ಟರ್ ಯುನೈಟೆಡ್‌ನದು.

ಒಂದು ದಿನ ನಮ್ಮನ್ನೇ ಪಂಚರನ್ನಾಗಿ ಮಾಡಿದರು. "ಸರ, ನೀವು ಪೇಪರ್‌ನವರು. ಒಟ್ಟ ಯಾರು ಹೆಚ್ಚಿಗಿ ಗೆದ್ದಾರ, ಒಂದ ಮಾತಿನ್ಯಾಗ ಹೇಳಿಬಿಡ್ರಿ."

ಒಂದೇ ಮಾತಿನ ಉತ್ತರ ಸುಲಭ. ಎರಡೂ ತಂಡ ಇದುವರೆಗೆ ಇನ್ನೂರಕ್ಕೂ ಹೆಚ್ಚು ಸಲ ಎದುರಾಗಿವೆ, ಹೆಚ್ಚು ಗೆದ್ದಿರುವುದು ಯುನೈಟೆಡ್. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಹಳೆಯ ಫಲಿತಾಂಶಗಳ ಪಟ್ಟಿ ಓದುತ್ತಾ ಹೋದಾಗ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆವು: 2 ಏಪ್ರಿಲ್ 1915, ಯುನೈಟೆಡ್ 2, ಲಿವರ್‌ಪೂಲ್ 0. ಆ ಸಾಲಿನ ಕಥೆ ಹೇಳಬೇಕು. ಅದಕ್ಕೂ ಮೊದಲು ಈ ಎರಡು ಊರಿಗೆ ಒಂದನ್ನೊಂದು ಕಂಡರೆ ಯಾಕೆ ಆಗುವುದಿಲ್ಲ ಎಂಬುದನ್ನು ತಿಳಿಯಬೇಕು, ಏಕೆಂದರೆ ಜಗಳದ ಬೇರು ಚೆಂಡಿನಲ್ಲಿಲ್ಲ, ಹತ್ತಿಯಲ್ಲಿದೆ.

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಸುಮಾರು ಐವತ್ತು ಕಿಲೋಮೀಟರ್ ಅಂತರದಲ್ಲಿ ಎರಡು ಊರು. ಲಿವರ್‌ಪೂಲ್ ಸಮುದ್ರದ ಬಾಯಲ್ಲಿರುವ ಬಂದರು. ಮ್ಯಾಂಚೆಸ್ಟರ್ ಒಳನಾಡು, ಸುತ್ತ ಹತ್ತಿ ಗಿರಣಿಗಳು. ಅಮೆರಿಕದಿಂದ ಹತ್ತಿ ಲಿವರ್‌ಪೂಲ್‌ನಲ್ಲಿ ಇಳಿಯುತ್ತಿತ್ತು, ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳಲ್ಲಿ ನೂಲಾಗಿ ಬಟ್ಟೆಯಾಗಿ ಮತ್ತೆ ಲಿವರ್‌ಪೂಲ್‌ನಿಂದಲೇ ಹಡಗು ಹತ್ತುತ್ತಿತ್ತು. 1830ರಲ್ಲಿ ಈ ಎರಡೂ ಊರಿನ ನಡುವೆ ರೈಲು ಬಂತು. ಎರಡು ದೊಡ್ಡ ಪಟ್ಟಣಗಳನ್ನು ಉಗಿಬಂಡಿಯಿಂದ ಜೋಡಿಸಿದ ಜಗತ್ತಿನ ಮೊದಲ ದಾರಿ ಅದು.

ನಮ್ಮ ಕಡೆಯವರಿಗೂ ಈ ಹತ್ತಿಯ ನಂಟು ಇದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರ್‌ನವರ ಕಣ್ಣು ಧಾರವಾಡ ಸೀಮೆಯ ಕಪ್ಪು ಎರೆ ಭೂಮಿಯ ಮೇಲೆ ಬಿತ್ತು. ಇಲ್ಲಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿ ದಾಟಿ ಇಂಗ್ಲೆಂಡ್ ಮುಟ್ಟುತ್ತಿತ್ತು. ಬೆಳೆದವರು ಧಾರವಾಡ, ಗದಗ ಕಡೆಯ ರೈತರಾದರೂ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂಬ ಹೆಸರೇ ಗಟ್ಟಿಯಾಯಿತು. ಹೆಸರು ಬಂದರಿಗೆ, ಬೆವರು ಹೊಲಕ್ಕೆ.

ಮ್ಯಾಂಚೆಸ್ಟರ್ ವ್ಯಾಪಾರಿಗಳ ಸಿಟ್ಟೂ ಇಂಥದ್ದೇ. ಗಿರಣಿ ನಮ್ಮದು, ಕೂಲಿ ನಮ್ಮವರದು, ಆದರೆ ಬಂದರಿನ ಸುಂಕ ಎಂದು ಲಿವರ್‌ಪೂಲ್ ಹಣ ಕೀಳುತ್ತದೆ, ಮೇಲೆ ರೈಲಿನವರು ಬೇರೆ ಕೀಳುತ್ತಾರೆ ಎಂಬ ಗೊಣಗಾಟ. ದೇಶದ ಇನ್ನೊಂದು ಬದಿಯ ಹಲ್ ಬಂದರಿನಲ್ಲಿ ಮಾಲು ಇಳಿಸಿ ತಂದರೂ ಇದಕ್ಕಿಂತ ಅಗ್ಗ ಎಂದು ಹೇಳುತ್ತಿದ್ದರು. ಎಪಿಎಂಸಿಯಲ್ಲಿ ದಲಾಲಿ, ಹಮಾಲಿ, ತೂಕದ ಕಡಿತ ಎಲ್ಲ ಕಳೆದು ಕೈಗೆ ಬಂದ ಚೀಟಿ ನೋಡಿದವರಿಗೆ ಈ ಸಿಟ್ಟನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಅವರು ಮಾಡಿದ್ದು ದೊಡ್ಡ ಕೆಲಸ. ಸಮುದ್ರ ನಮ್ಮೂರಿಗೆ ಬರಲಿ ಎಂದು ಕಾಲುವೆ ತೋಡಲು ಹೊರಟರು. ಲಿವರ್‌ಪೂಲ್‌ನವರು ಪಾರ್ಲಿಮೆಂಟಿನಲ್ಲಿ ಅಡ್ಡ ನಿಂತರು. ಮೂರನೇ ಪ್ರಯತ್ನದಲ್ಲಿ, 1885ರಲ್ಲಿ ಅನುಮತಿ ಸಿಕ್ಕಿತು. 58 ಕಿಲೋಮೀಟರ್ ಉದ್ದದ ಆ ಕಾಲುವೆಯಲ್ಲಿ 1894ರ ಜನವರಿ 1ರಿಂದ ಹಡಗು ಓಡಾಡಿದವು, ಮೇ 21ರಂದು ವಿಕ್ಟೋರಿಯಾ ರಾಣಿ ಬಂದು ಉದ್ಘಾಟನೆ ಮಾಡಿದರು. ಲಿವರ್‌ಪೂಲ್‌ಗೆ ಒಂದು ಪೈಸೆ ಸುಂಕ ಕೊಡದೆ ಹಡಗುಗಳು ಅದರ ಮುಂದೆಯೇ ಹಾದು ಮ್ಯಾಂಚೆಸ್ಟರ್‌ಗೆ ಹೋಗತೊಡಗಿದವು.

ಯುನೈಟೆಡ್ ಲಾಂಛನದ ಹಡಗು ಈ ಕಾಲುವೆಯ ಗೆಲುವಿನ ಗುರುತು ಎಂದು ಅಭಿಮಾನಿಗಳು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಮ್ಯಾಂಚೆಸ್ಟರ್ ನಗರದ ಲಾಂಛನದಲ್ಲಿ 1842ರಿಂದಲೇ ಹಡಗಿದೆ. ಬಂದರೇ ಇಲ್ಲದ ಊರು ಐವತ್ತು ವರ್ಷ ಮೊದಲೇ ಹಡಗಿನ ಚಿತ್ರ ಬರೆಸಿಕೊಂಡು ಕುಳಿತಿತ್ತು. ನಮಗೆ ಈ ಕಥೆಯೇ ಹೆಚ್ಚು ಇಷ್ಟ.

ಇನ್ನು ಚೆಂಡಿಗೆ ಬರೋಣ. 1878ರಲ್ಲಿ ಮ್ಯಾಂಚೆಸ್ಟರ್‌ನ ನ್ಯೂಟನ್ ಹೀತ್ ಎಂಬಲ್ಲಿ ರೈಲ್ವೆ ಡಬ್ಬಿ ತಯಾರಿಸುವ ಕಾರ್ಖಾನೆಯ ಕೆಲಸಗಾರರು ತಂಡ ಕಟ್ಟಿದರು. ಊರಿನ ಹೆಸರೇ ತಂಡದ ಹೆಸರು. ಲಿವರ್‌ಪೂಲ್ ತಂಡ ಹುಟ್ಟಿದ್ದು ಬಾಡಿಗೆ ಜಗಳದಿಂದ. ಆ್ಯನ್‌ಫೀಲ್ಡ್ ಮೈದಾನದಲ್ಲಿ ಆಡುತ್ತಿದ್ದ ಎವರ್ಟನ್ ತಂಡ 1892ರಲ್ಲಿ ಜಾನ್ ಹೌಲ್ಡಿಂಗ್ ಎಂಬ ಬಿಯರ್ ಕಾರ್ಖಾನೆ ಮಾಲೀಕರೊಂದಿಗೆ ಬಾಡಿಗೆಗಾಗಿ ಕಿತ್ತಾಡಿ ಬೇರೆ ಕಡೆ ಹೋಯಿತು. ಮೈದಾನ ಉಳಿಯಿತು, ಆಡಲು ತಂಡವಿಲ್ಲ. ಹೌಲ್ಡಿಂಗ್ ಹೊಸ ತಂಡವನ್ನೇ ಕಟ್ಟಿದರು. ಹತ್ತು ವರ್ಷದ ನಂತರ ಸಾಲದಲ್ಲಿ ಮುಳುಗಿದ್ದ ನ್ಯೂಟನ್ ಹೀತ್‌ನ ಕೈ ಹಿಡಿದ ಜಾನ್ ಹೆನ್ರಿ ಡೇವಿಸ್ ಕೂಡ ಬಿಯರ್ ಕಾರ್ಖಾನೆಯವರೇ. 1902ರಲ್ಲಿ ಹೆಸರು ಮ್ಯಾಂಚೆಸ್ಟರ್ ಯುನೈಟೆಡ್ ಎಂದಾಯಿತು. ಒಟ್ಟಿನಲ್ಲಿ ಎರಡೂ ತಂಡಕ್ಕೆ ಬಿಯರಿನ ಋಣವಿದೆ.

ಇಬ್ಬರೂ ಮೊದಲ ಸಲ ಎದುರಾದದ್ದು 1894ರ ಏಪ್ರಿಲ್ 28ರಂದು. ತಾರೀಖು ಗಮನಿಸಿ: ಕಾಲುವೆಯಲ್ಲಿ ಹಡಗು ಓಡಾಡಲು ಶುರುವಾಗಿ ನಾಲ್ಕು ತಿಂಗಳು, ರಾಣಿ ಬರಲು ಇನ್ನೂ ಮೂರು ವಾರ. ನ್ಯೂಟನ್ ಹೀತ್ ಮೊದಲ ದರ್ಜೆಯ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿತ್ತು. ಲಿವರ್‌ಪೂಲ್ ಎರಡನೇ ದರ್ಜೆಯಲ್ಲಿ 28 ಪಂದ್ಯವಾಡಿ ಒಂದನ್ನೂ ಸೋಲದೆ ಮೊದಲ ಸ್ಥಾನದಲ್ಲಿತ್ತು. ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಆಗ ಒಂದೇ ಪರೀಕ್ಷಾ ಪಂದ್ಯ ತೀರ್ಮಾನಿಸುತ್ತಿತ್ತು. ಬ್ಲ್ಯಾಕ್‌ಬರ್ನ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಲಿವರ್‌ಪೂಲ್ 2-0 ಗೆದ್ದಿತು. ಅವರು ಮೇಲೆ ಹತ್ತಿದರು, ಇವರು ಕೆಳಗೆ ಇಳಿದರು.

ಮೇಲೆ ಹತ್ತಿದ ಲಿವರ್‌ಪೂಲ್ ಒಂದೇ ವರ್ಷದಲ್ಲಿ ಉರುಳಿ ವಾಪಸ್ ಬಂತು. 1895ರ ಅಕ್ಟೋಬರ್ 12ರಂದು ಎರಡನೇ ದರ್ಜೆಯಲ್ಲಿ ಭೇಟಿಯಾದಾಗ ಲಿವರ್‌ಪೂಲ್ 7-1. ಮೂರು ವಾರ ಕಳೆದು ಮ್ಯಾಂಚೆಸ್ಟರ್‌ನಲ್ಲಿ ಆಡಿದಾಗ ನ್ಯೂಟನ್ ಹೀತ್ 5-2. ಮುಂದಿನ ನೂರಾ ಮೂವತ್ತು ವರ್ಷದ ಸ್ವಭಾವವೆಲ್ಲ ಈ ಎರಡು ಪಂದ್ಯದಲ್ಲೇ ಇದೆ ಎಂದು ನಮಗೆ ಅನ್ನಿಸುತ್ತದೆ.

ಈಗ ಆ ಸಾಲು. 1915ರ ಏಪ್ರಿಲ್ 2, ಗುಡ್ ಫ್ರೈಡೇ. ಮೊದಲ ಮಹಾಯುದ್ಧ ಶುರುವಾಗಿ ಎಂಟು ತಿಂಗಳಾಗಿತ್ತು. ಈ ಋತು ಮುಗಿದ ಮೇಲೆ ಆಟ ನಿಲ್ಲುತ್ತದೆ, ಸಂಬಳ ನಿಲ್ಲುತ್ತದೆ ಎಂಬುದು ಆಟಗಾರರಿಗೆ ಗೊತ್ತಿತ್ತು. ಆಗಿನ ಆಟಗಾರರು ಈಗಿನವರಂತೆ ಕೋಟಿಗಳ ಒಡೆಯರಲ್ಲ. ವಾರಕ್ಕೆ ಇಷ್ಟು ಪೌಂಡಿಗಿಂತ ಹೆಚ್ಚು ಕೊಡಕೂಡದು ಎಂದು ನಿಯಮವೇ ಇತ್ತು, ಅದು ಹೋದದ್ದು 1961ರಲ್ಲಿ. ಲಿವರ್‌ಪೂಲ್ ಆ ವರ್ಷ ಪಟ್ಟಿಯ ಮಧ್ಯದಲ್ಲಿತ್ತು, ಗೆದ್ದರೂ ಸೋತರೂ ಏನೂ ಆಗಬೇಕಿರಲಿಲ್ಲ. ಯುನೈಟೆಡ್ ಮಾತ್ರ ಕೆಳಗಿನ ದರ್ಜೆಗೆ ಬೀಳುವ ಅಂಚಿನಲ್ಲಿತ್ತು.

ಓಲ್ಡ್ ಟ್ರ್ಯಾಫರ್ಡ್ ಮೈದಾನ. ಯುನೈಟೆಡ್‌ನ ಜಾರ್ಜ್ ಆ್ಯಂಡರ್ಸನ್ ಎರಡು ಗೋಲು ಹೊಡೆದರು. ಒಂದು ಪೆನಾಲ್ಟಿ ಕೂಡ ಸಿಕ್ಕಿತ್ತು, ಯುನೈಟೆಡ್‌ನ ಪ್ಯಾಟ್ರಿಕ್ ಓಕಾನೆಲ್ ಒದ್ದ ಚೆಂಡು ಗೋಲಿನ ಪಕ್ಕ ಹಾದು ಹೋಯಿತು. ಲಿವರ್‌ಪೂಲ್‌ನ ಫ್ರೆಡ್ ಪ್ಯಾಗ್ನಂ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದಾಗ ಅವರ ತಂಡದವರೇ ಕೆಲವರು ಅವರ ಮೇಲೆ ರೇಗಿದರು. ಗೋಲಿನ ಹತ್ತಿರ ಹೋದವನಿಗೆ ಸ್ವಂತ ತಂಡದವರೇ ಬೈಯುವ ಆಟ ನೋಡಿ ಪ್ರೇಕ್ಷಕರಿಗೆ ಏನೋ ವಾಸನೆ ಹೊಡೆಯಿತು.

ಕೆಲವೇ ದಿನದಲ್ಲಿ ಕರಪತ್ರಗಳು ಹೊರಬಿದ್ದವು. ಯುನೈಟೆಡ್ 2-0 ಗೆಲ್ಲುತ್ತದೆ ಎಂದು ಹಲವು ಕಡೆ ಒಂದಕ್ಕೆ ಏಳರಂತೆ ಭಾರೀ ಬಾಜಿ ಕಟ್ಟಲಾಗಿತ್ತು. ಗೆಲ್ಲುತ್ತದೆ ಎಂದಷ್ಟೇ ಅಲ್ಲ, ಸರಿಯಾಗಿ 2-0. ಹಾಗಾಗಿಯೇ ಮೂರನೇ ಗೋಲು ಯಾರಿಗೂ ಬೇಕಿರಲಿಲ್ಲ. ಫುಟ್‌ಬಾಲ್ ಅಸೋಸಿಯೇಷನ್ ತಿಂಗಳುಗಟ್ಟಲೆ ತನಿಖೆ ಮಾಡಿ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಎರಡೂ ತಂಡ ಸೇರಿ ಏಳು ಆಟಗಾರರಿಗೆ ಜೀವನಪರ್ಯಂತ ನಿಷೇಧ. ಲಿವರ್‌ಪೂಲ್‌ನ ನಾಲ್ವರು: ಜಾಕಿ ಶೆಲ್ಡನ್, ಟಾಮ್ ಮಿಲ್ಲರ್, ಬಾಬ್ ಪರ್ಸೆಲ್, ಥಾಮಸ್ ಫೇರ್‌ಫೌಲ್. ಯುನೈಟೆಡ್‌ನ ಮೂವರು: ಸ್ಯಾಂಡಿ ಟರ್ನ್‌ಬುಲ್, ಆರ್ಥರ್ ವಾಲೆ, ಎನಾಕ್ ವೆಸ್ಟ್. ಈ ಮೂವರಲ್ಲಿ ಆ ದಿನ ಮೈದಾನಕ್ಕೆ ಇಳಿದಿದ್ದು ವೆಸ್ಟ್ ಒಬ್ಬರೇ. ಶೆಲ್ಡನ್ ಮೊದಲು ಯುನೈಟೆಡ್‌ನಲ್ಲಿ ಆಡಿದ್ದವರು, ಹಳೆಯ ಗೆಳೆತನ ಹೀಗೆ ಕೆಲಸಕ್ಕೆ ಬಂತು. ಪೆನಾಲ್ಟಿ ತಪ್ಪಿಸಿದ ಓಕಾನೆಲ್ ಮೇಲೆ ಆರೋಪ ನಿಲ್ಲಲಿಲ್ಲ. ಅವರು ಮುಂದೆ ಸ್ಪೇನ್‌ನ ಬಾರ್ಸಿಲೋನಾ ತಂಡದ ತರಬೇತುದಾರರಾದರು.

ನಿಷೇಧಗೊಂಡವರ ಪಾಡು ಒಂದೇ ರೀತಿ ಆಗಲಿಲ್ಲ. 1909ರ ಎಫ್‌ಎ ಕಪ್ ಫೈನಲ್‌ನಲ್ಲಿ ಗೋಲು ಹೊಡೆದು ಯುನೈಟೆಡ್‌ಗೆ ಮೊದಲ ಸಲ ಆ ಕಪ್ ತಂದಿದ್ದ ಟರ್ನ್‌ಬುಲ್ ಯುದ್ಧಕ್ಕೆ ಹೋಗಿ 1917ರ ಮೇನಲ್ಲಿ ಫ್ರಾನ್ಸ್‌ನಲ್ಲಿ ಸತ್ತರು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಆರು ಮಂದಿಯ ನಿಷೇಧ ತೆಗೆದರು. ಟರ್ನ್‌ಬುಲ್‌ಗೆ ಕ್ಷಮೆ ಸಿಕ್ಕಿದ್ದು ಸತ್ತ ಮೇಲೆ. ವೆಸ್ಟ್ ಮಾತ್ರ ನಾನು ತಪ್ಪು ಮಾಡಿಲ್ಲ ಎಂದು ಕೋರ್ಟಿಗೆ ಹೋದರು, ಸೋತರು. ಅವರ ನಿಷೇಧ ತೆರವಾದದ್ದು 1945ರಲ್ಲಿ, ಸುಮಾರು ಅರವತ್ತರ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಕಾಲು ಇನ್ನೇನು ಆಡೀತು?

ಪಂದ್ಯ ರದ್ದಾಯಿತೇ? ಇಲ್ಲ. ಮೋಸದ ಆಟ ಎಂದು ತೀರ್ಪು ಬಂತು, ಫಲಿತಾಂಶ ಹಾಗೇ ಉಳಿಯಿತು. ಆ ವರ್ಷ ಯುನೈಟೆಡ್ 30 ಅಂಕ, ಚೆಲ್ಸಿ 29, ಟಾಟನ್‌ಹ್ಯಾಮ್ 28. ಗೆಲುವಿಗೆ ಆಗ ಎರಡು ಅಂಕ. ಆ ಎರಡನ್ನು ಕಳೆದರೆ ಯುನೈಟೆಡ್ ಚೆಲ್ಸಿಗಿಂತ ಕೆಳಗೆ, ಬೀಳುವ ಜಾಗದಲ್ಲಿ ಇರುತ್ತಿತ್ತು. ಯುದ್ಧದ ನಂತರ ಲೀಗ್ ದೊಡ್ಡದು ಮಾಡಿ ಚೆಲ್ಸಿಯನ್ನು ಉಳಿಸಿಕೊಂಡರು. ಆಟಗಾರರು ಬೆಲೆ ತೆತ್ತರು, ತಂಡಗಳಿಗೆ ಏನೂ ಆಗಲಿಲ್ಲ. ಇಂದಿಗೂ ಯುನೈಟೆಡ್ ಎಷ್ಟು ಗೆದ್ದಿದೆ ಎಂದು ಎಣಿಸುವಾಗ ಆ ಒಂದೂ ಸೇರಿರುತ್ತದೆ. 2000ದಲ್ಲಿ ಹ್ಯಾನ್ಸಿ ಕ್ರೋನಿಯೆ ಪ್ರಕರಣ ಬಂದಾಗ ಟಿವಿ ಮುಂದೆ ಕುಳಿತು ಯಾವ ಮ್ಯಾಚ್ ನಿಜ, ಯಾವುದು ಸುಳ್ಳು ಎಂದು ತಲೆ ಕೆಡಿಸಿಕೊಂಡವರಿಗೆ ಈ ಕಸಿವಿಸಿ ಗೊತ್ತಿರುತ್ತದೆ.

ನಂತರದ್ದನ್ನು ಬೇಗ ಹೇಳುತ್ತೇವೆ. ಯುನೈಟೆಡ್ ಅನ್ನು ದೊಡ್ಡದು ಮಾಡಿದ ಮ್ಯಾಟ್ ಬಸ್ಬಿ, ತರಬೇತುದಾರರಾಗುವ ಮೊದಲು ಲಿವರ್‌ಪೂಲ್‌ನ ಆಟಗಾರ, ನಾಯಕ. 1954ರಿಂದ 1962ರವರೆಗೆ ಲಿವರ್‌ಪೂಲ್ ಎರಡನೇ ದರ್ಜೆಯಲ್ಲಿದ್ದುದರಿಂದ ಆ ವರ್ಷಗಳ ಲೀಗ್ ಲೆಕ್ಕ ಖಾಲಿ. ಅದೇ ಅವಧಿಯಲ್ಲಿ, 1958ರ ಫೆಬ್ರವರಿ 6ರಂದು, ಮ್ಯೂನಿಕ್‌ನ ವಿಮಾನ ಅಪಘಾತದಲ್ಲಿ ಬಸ್ಬಿಯವರ ಎಂಟು ಆಟಗಾರರೂ ಸೇರಿ 23 ಜನ ತೀರಿಕೊಂಡರು. 1964ರಲ್ಲಿ ಫಿಲ್ ಚಿಸ್ನಾಲ್ ಯುನೈಟೆಡ್ ಬಿಟ್ಟು ಲಿವರ್‌ಪೂಲ್ ಸೇರಿದರು. ಅವರ ನಂತರ ಇಂದಿನವರೆಗೆ ಒಬ್ಬ ಆಟಗಾರನನ್ನೂ ಈ ತಂಡಗಳು ನೇರವಾಗಿ ಪರಸ್ಪರ ಮಾರಿಲ್ಲ.

1977ರ ಎಫ್‌ಎ ಕಪ್ ಫೈನಲ್‌ನಲ್ಲಿ ಯುನೈಟೆಡ್ 2-1 ಗೆದ್ದು, ಲೀಗ್ ಗೆದ್ದಾಗಿದ್ದ ಲಿವರ್‌ಪೂಲ್‌ಗೆ ಒಂದೇ ವರ್ಷ ಮೂರು ದೊಡ್ಡ ಕಪ್ ಎತ್ತುವ ಭಾಗ್ಯ ತಪ್ಪಿಸಿತು. ನಾಲ್ಕೇ ದಿನದಲ್ಲಿ ಲಿವರ್‌ಪೂಲ್ ಯುರೋಪಿನ ಕಪ್ ಗೆದ್ದಿತು. ಆ ಮೂರನ್ನೂ ಒಟ್ಟಿಗೆ ಎತ್ತಿದ್ದು 1999ರಲ್ಲಿ ಯುನೈಟೆಡ್, ಅದೂ ದಾರಿಯಲ್ಲಿ ಲಿವರ್‌ಪೂಲ್ ಅನ್ನು ಕೊನೆಯ ನಿಮಿಷಗಳಲ್ಲಿ 2-1ರಿಂದ ದಾಟಿ. 1992ರಲ್ಲಿ ಲೀಗ್ ಪ್ರಶಸ್ತಿಗಳ ಲೆಕ್ಕ ಲಿವರ್‌ಪೂಲ್ 18, ಯುನೈಟೆಡ್ 7 ಇತ್ತು. ಅಲೆಕ್ಸ್ ಫರ್ಗುಸನ್ ನಿವೃತ್ತರಾಗುವ ಹೊತ್ತಿಗೆ, 2013ರಲ್ಲಿ, ಯುನೈಟೆಡ್ 20. ಲಿವರ್‌ಪೂಲ್ ಮೂವತ್ತು ವರ್ಷ ಕಾದು 2020ರಲ್ಲಿ ಒಂದು, 2025ರಲ್ಲಿ ಇನ್ನೊಂದು ಗೆದ್ದು ಸಮ ಮಾಡಿತು. 2023ರ ಮಾರ್ಚ್ 5ರಂದು ಲಿವರ್‌ಪೂಲ್ 7-0 ಗೆದ್ದಾಗ 1895ರ ಆ 7-1 ಹಿಂದೆ ಬಿತ್ತು.

ಗೋಲುಗಳ ಪಟ್ಟಿಯಲ್ಲಿ ಬಾರದ ಕೆಟ್ಟದ್ದೂ ಇದೆ. ಎದುರಾಳಿಗಳ ಸಾವನ್ನು ಹಾಡು ಕಟ್ಟಿ ಅಣಕಿಸುವ ಚಾಳಿ ಎರಡೂ ಕಡೆ ಬೆಳೆಯಿತು. ಒಬ್ಬರಿಗೆ ಮ್ಯೂನಿಕ್, ಇನ್ನೊಬ್ಬರಿಗೆ 1989ರ ಏಪ್ರಿಲ್‌ನಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ ಸಿಕ್ಕಿ ಜೀವ ಬಿಟ್ಟ ಲಿವರ್‌ಪೂಲ್‌ನ 97 ಅಭಿಮಾನಿಗಳು. 2023ರಲ್ಲಿ ಎರಡೂ ತಂಡದ ತರಬೇತುದಾರರು ಒಟ್ಟಾಗಿ, ದಯವಿಟ್ಟು ಇದನ್ನು ಬಿಡಿ ಎಂದು ಕೇಳಿಕೊಳ್ಳಬೇಕಾಯಿತು.

ಅದಕ್ಕೂ ಒಂದು ವರ್ಷ ಮೊದಲು, 2022ರ ಏಪ್ರಿಲ್ 19ರಂದು, ಆ್ಯನ್‌ಫೀಲ್ಡ್‌ನಲ್ಲಿ ಪಂದ್ಯವಿತ್ತು. ಯುನೈಟೆಡ್‌ನ ಕ್ರಿಸ್ಟಿಯಾನೋ ರೊನಾಲ್ಡೊ ಆಡಲು ಬಂದಿರಲಿಲ್ಲ. ಅವಳಿ ಶಿಶುಗಳಲ್ಲಿ ಗಂಡುಮಗು ತೀರಿಹೋದ ಸುದ್ದಿಯನ್ನು ಹಿಂದಿನ ದಿನವಷ್ಟೇ ಹೇಳಿದ್ದರು. ಅವರ ಜೆರ್ಸಿಯ ಸಂಖ್ಯೆ 7. ಆಟದ ಏಳನೇ ನಿಮಿಷ ಬಂದಾಗ ಲಿವರ್‌ಪೂಲ್ ಅಭಿಮಾನಿಗಳೂ ಯುನೈಟೆಡ್ ಅಭಿಮಾನಿಗಳೂ ಎದ್ದು ನಿಂತು ಒಂದು ನಿಮಿಷ ಚಪ್ಪಾಳೆ ತಟ್ಟಿದರು. ನಂತರ ಲಿವರ್‌ಪೂಲ್ 4-0 ಗೆದ್ದಿತು. ಪಟ್ಟಿಯಲ್ಲಿರುವುದು ಆ 4-0 ಮಾತ್ರ.

ಇದಿಷ್ಟನ್ನೂ ಚಹಾದಂಗಡಿಯಲ್ಲಿ ಹೇಳಿದೆವು. ಹಕ್ಕಿಯ ಜೆರ್ಸಿ ಹುಡುಗ 1915ರ ವಿಷಯ ಕೇಳಿ ನೆಟ್ಟಗೆ ಕುಳಿತ. "ಹಂಗಾದ್ರ ಆ ಒಂದು ಕಳದುಬಿಡ್ರಿ ಸರ, ಆಮ್ಯಾಲೆ ಯಾರು ಮುಂದ?"

ಕಳೆದರೂ ಯುನೈಟೆಡ್ಡೇ ಮುಂದೆ ಎಂದೆವು. ಹಡಗಿನ ಜೆರ್ಸಿಯವನು ನಕ್ಕ, ಚಹಾದ ದುಡ್ಡು ಅವನೇ ಕೊಟ್ಟ.