ಬಾವಿಗೆ ಎಸೆದ ಉದ್ರಿ ಪುಸ್ತಕ

2022ರ ಸೆಪ್ಟೆಂಬರ್ ಮಳೆ ನೆನಪಿದೆಯಾ? ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಡೆ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ನೋಡಿ ದೇಶವೆಲ್ಲ ನಕ್ಕಿತ್ತು. ನಾನಾಗ ಇದ್ದ ಬೀದಿ ಅಲ್ಲಿಂದ ಬಹಳ ದೂರವೇನಲ್ಲ. ನೀರಿಳಿದ ಮರುದಿನ ಹಾಲು ಸಿಗುತ್ತೇನೋ ಅಂತ ಮೂಲೆಯ ದಿನಸಿ ಅಂಗಡಿಗೆ ಹೋದೆ. ಶೆಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಅಕ್ಕಿ ಮೂಟೆ ನೆನೆದು ಒಡೆದಿತ್ತು, ಫ್ರಿಜ್ ಮಗುಚಿ ಬಿದ್ದಿತ್ತು. ಅವರು ಅದ್ಯಾವುದನ್ನೂ ನೋಡ್ತಿರಲಿಲ್ಲ. ತೊಡೆಯ ಮೇಲೆ ಉದ್ದನೆಯ ಒಂದು ಪುಸ್ತಕ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಶಾಯಿ ಕರಗಿ ಎಲ್ಲ ನೀಲಿ ನೀಲಿ.

“ಸಾಮಾನು ಹೋದ್ರೆ ಹೋಗ್ಲಿ ಸಾರ್, ಡೀಲರ್ ಕೈಕಾಲು ಹಿಡಿದು ಮತ್ತೆ ತರಬಹುದು. ಉದ್ರಿ ಪುಸ್ತಕ ಹೋಯ್ತಲ್ಲ! ಯಾರು ಎಷ್ಟು ಕೊಡಬೇಕು ಅಂತ ಈಗ ಯಾರನ್ನ ಕೇಳ್ಲಿ?”

ನನ್ನ ಹೆಸರೂ ಅದರಲ್ಲಿತ್ತು. ಎಷ್ಟು ಬಾಕಿ ಅಂತ ನನಗೂ ನೆನಪಿರಲಿಲ್ಲ.

ಆ ಪುಸ್ತಕ ತಲೆಯಿಂದ ಹೋಗಲೇ ಇಲ್ಲ. ಹಿಂದಿನ ಕಾಲದ ಅಂಗಡಿಯವರು ಇಂಥ ದಿನಕ್ಕೆ ಹೇಗೆ ತಯಾರಾಗ್ತಿದ್ದರು ಅಂತ ಹುಡುಕ್ತಾ ಹೋದೆ. ಹಾಗೆ ಸಿಕ್ಕಿದ ಊರು ಎದೋ, ಅಂದರೆ ಇವತ್ತಿನ ಟೋಕಿಯೊ.

ಎದೋ ಬಹುಪಾಲು ಮರ ಮತ್ತು ಕಾಗದದಿಂದ ಕಟ್ಟಿದ ಊರು. ಬೆಂಕಿ ಅಲ್ಲಿ ಎಷ್ಟು ಮಾಮೂಲಿಯಾಗಿತ್ತು ಅಂದರೆ, ಬೆಂಕಿ ಮತ್ತು ಬೀದಿ ಜಗಳ ಎರಡೂ ಎದೋದ ಹೂವುಗಳು ಅಂತ ಒಂದು ಗಾದೆಯೇ ಹುಟ್ಟಿತ್ತು. 1657ರ ಮಾರ್ಚ್‌ನಲ್ಲಿ ಹೊತ್ತಿದ ಬೆಂಕಿ ಮೂರು ದಿನ ಉರಿದು ಊರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನುಂಗಿತು. ಸತ್ತವರು ಲಕ್ಷದವರೆಗೂ ಇರಬಹುದು ಎಂಬ ಅಂದಾಜಿದೆ. ಎದೋ ಕೋಟೆಯ ಮುಖ್ಯ ಗೋಪುರ ಸುಟ್ಟುಹೋದದ್ದು ಮತ್ತೆ ಮೇಲೇಳಲೇ ಇಲ್ಲ. ಕವಾಮುರಾ ಜುಇಕೆನ್ ಎಂಬ ವ್ಯಾಪಾರಿ ಮಾತ್ರ ಊರು ಕಟ್ಟೋಕೆ ಮರ ಬೇಕೇ ಬೇಕು ಅಂತ ಲೆಕ್ಕ ಹಾಕಿ, ಕಿಸೋ ಕಾಡಿನ ಮರವನ್ನು ಬೇರೆಯವರಿಗಿಂತ ಮೊದಲು ಕೊಂಡು ದೊಡ್ಡ ಶ್ರೀಮಂತನಾದ. ಅವನ ಕಥೆ ಎಲ್ಲರೂ ಹೇಳ್ತಾರೆ. ನನಗೆ ಅವನಿಗಿಂತ ಸಾಮಾನ್ಯ ಅಂಗಡಿಯವರೇ ಹೆಚ್ಚು ಇಷ್ಟವಾದರು.

ಅವರು ಬೆಂಕಿ ಬೀಳೋದೇ ಇಲ್ಲ ಅಂತ ನಂಬಿ ಬದುಕಲಿಲ್ಲ. ಬಿದ್ದೇ ಬೀಳುತ್ತೆ ಅಂತಲೇ ಅಂಗಡಿ ನಡೆಸಿದರು. ಅನುಕೂಲವಿದ್ದವರು ಅಂಗಡಿಗೆ ಸೇರಿದಂತೆ ‘ಕುರಾ’ ಎಂಬ ಉಗ್ರಾಣ ಕಟ್ಟಿಸುತ್ತಿದ್ದರು. ಮರದ ಚೌಕಟ್ಟಿನ ಮೇಲೆ ಪದರ ಪದರವಾಗಿ ಮೆತ್ತಿದ ದಪ್ಪ ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಬೆಂಕಿಯ ಕೂಗು ಕೇಳಿದ ಕೂಡಲೇ ಬಾಗಿಲು ಕಿಟಕಿ ಮುಚ್ಚಿ, ಇಂಥ ಹೊತ್ತಿಗೆಂದೇ ಇಟ್ಟ ಮಣ್ಣನ್ನು ಸಂದಿಗಳಿಗೆ ಮೆತ್ತಿ ಓಡಿಹೋಗೋದು. ಹೊರಗಿನ ಅಂಗಡಿ ಉರಿದು ಬೂದಿಯಾದರೂ ಒಳಗಿನ ಸರಕು ಉಳಿಯುವ ಸಾಧ್ಯತೆ ಇತ್ತು.

ಕುರಾ ಇಲ್ಲದವರೂ ಮಾಡಬಹುದಾಗಿದ್ದ ಕೆಲಸ ಒಂದಿತ್ತು. ಅವರ ಉದ್ರಿ ಪುಸ್ತಕಕ್ಕೆ ‘ದೈಫುಕುಚೋ’ ಅಂತ ಹೆಸರು. ಆ ಕಾಲದ ವ್ಯಾಪಾರ ಬಹುತೇಕ ಸಾಲದ ಮೇಲೆ ನಡೀತಿತ್ತು, ವರ್ಷಕ್ಕೆ ಒಂದೆರಡು ಸಲ ಹಬ್ಬ ಹುಣ್ಣಿಮೆ ನೋಡಿಕೊಂಡು ಬಾಕಿ ಚುಕ್ತಾ. ಹಾಗಾಗಿ ಅಂಗಡಿಯ ನಿಜವಾದ ಆಸ್ತಿ ಆ ಪುಸ್ತಕದಲ್ಲಿತ್ತು. ಬೆಂಕಿ ಬಂದರೆ ಅದನ್ನು ಎತ್ತಿ ಬಾವಿಗೆ ಎಸೆಯುತ್ತಿದ್ದರು!

ಇದು ಗಾಬರಿಯಲ್ಲಿ ಮಾಡಿದ ಕೆಲಸ ಅಂದುಕೊಳ್ಳಬೇಡಿ. ಇದಕ್ಕೆ ಬೇಕಾದ ಕಾಗದವನ್ನು ಮೊದಲೇ ಆರಿಸಿ ಕೊಂಡಿರುತ್ತಿದ್ದರು. ನಮ್ಮ ಹಿಪ್ಪುನೇರಳೆಯ ದಾಯಾದಿಯಂಥ ಗಿಡದ ತೊಗಟೆಯ ಉದ್ದ ನಾರಿನಿಂದ ಮಾಡಿದ ಗಟ್ಟಿ ಕಾಗದ ಅದು. ಅದರಲ್ಲೂ ನಿಶಿನೋಉಚಿ ಎಂಬ ಕಾಗದಕ್ಕೆ ನೀರಿಗೆ ಬಿದ್ದರೂ ಹರಿಯದು ಎಂಬ ಹೆಸರಿತ್ತು. ಬರೆಯುವ ಮಸಿಯನ್ನು ಹೊಗೆಯ ಕಾಡಿಗೆಗೆ ಅಂಟು ಸೇರಿಸಿ ಮಾಡ್ತಿದ್ದರು, ಒಮ್ಮೆ ಒಣಗಿದರೆ ಸುಲಭಕ್ಕೆ ಕದಡೋದಿಲ್ಲ. ಬೆಂಕಿ ಆರಿದ ಮೇಲೆ ಪುಸ್ತಕ ಮೇಲೆತ್ತಿ, ಹಾಳೆ ಬಿಡಿಸಿ ಒಣಗಿಸಿದರೆ ಲೆಕ್ಕ ಹಾಗೇ ಇರುತ್ತಿತ್ತು. ಈಗಿನ ಆಫೀಸುಗಳಲ್ಲಿ ನಾವು ಬ್ಯಾಕಪ್, ಡಿಸಾಸ್ಟರ್ ರಿಕವರಿ ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತೀವಲ್ಲ, ಅವರ ಉತ್ತರ ಮನೆ ಹಿತ್ತಲಲ್ಲೇ ಇತ್ತು.

ಇನ್ನೊಬ್ಬ ವ್ಯಾಪಾರಿ ಬೇರೆ ದಾರಿ ಹಿಡಿದ. 1673ರಲ್ಲಿ ಮಿತ್ಸುಯಿ ತಕಾತೋಶಿ ಎದೋದಲ್ಲಿ ಎಚಿಗೋಯಾ ಎಂಬ ಬಟ್ಟೆ ಅಂಗಡಿ ತೆರೆದ. ಹತ್ತು ವರ್ಷದೊಳಗೆ ಬೆಂಕಿಗೆ ಅಂಗಡಿ ಹೋಯಿತು. 1683ರಲ್ಲಿ ಸುರುಗಾಚೋ ಎಂಬಲ್ಲಿ ಮತ್ತೆ ಶುರು ಮಾಡಿದ. ಅವನ ನಿಯಮ ಸರಳ: ಕೈಯಲ್ಲಿ ಕಾಸು, ಒಂದೇ ಬೆಲೆ, ಚೌಕಾಸಿ ಇಲ್ಲ. ಗಿರಾಕಿ ಸೆಳೆಯೋಕೆ ಮಾಡಿದ ಉಪಾಯ ಅದು. ಆದರೆ ನನಗೆ ಅದರಲ್ಲಿ ಇನ್ನೊಂದು ಲಾಭವೂ ಕಾಣುತ್ತೆ. ಉದ್ರಿ ಕಡಿಮೆಯಾದಷ್ಟೂ ಸುಟ್ಟುಹೋಗುವ ಲೆಕ್ಕವೂ ಕಡಿಮೆ. ಆ ಅಂಗಡಿಯೇ ಮುಂದೆ ಮಿತ್ಸುಕೋಶಿ ಎಂಬ ದೊಡ್ಡ ಮಳಿಗೆಯಾಯಿತು.

ಹಾಗಾದರೆ ಪುಸ್ತಕ ಕೈಗೆ ಸಿಗದೇ ಹೋದರೆ? ಅದಕ್ಕೆ ಇನ್ನೊಂದು ಖಂಡಕ್ಕೆ, ಇನ್ನೂರೈವತ್ತು ವರ್ಷ ಮುಂದಕ್ಕೆ ಬರಬೇಕು.

1906ರ ಏಪ್ರಿಲ್ 18, ಬೆಳಗಿನ ಜಾವ. ಸ್ಯಾನ್ ಫ್ರಾನ್ಸಿಸ್ಕೋ ನಡುಗಿತು. ನೀರಿನ ಪೈಪುಗಳು ಒಡೆದವು, ಹೊತ್ತಿದ ಬೆಂಕಿಯನ್ನು ಆರಿಸಲು ನೀರಿಲ್ಲ. ಸುಮಾರು 28,000 ಕಟ್ಟಡ ಹೋದವು, ನಾಲ್ಕು ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೀದಿಗೆ ಬಂದರು. ವಿಮೆ ಇದ್ದವರಿಗೂ ಹೊಸ ತಲೆನೋವು. ಪಾಲಿಸಿ ಬೆಂಕಿಗಿತ್ತು, ಭೂಕಂಪಕ್ಕಿರಲಿಲ್ಲ. ಕಟ್ಟಡ ಮೊದಲು ಬಿತ್ತೋ, ಮೊದಲು ಸುಟ್ಟಿತೋ ಅಂತ ವಾದ. ಕೆಲವು ಕಂಪನಿಗಳು ಪೂರ್ತಿ ಕೊಟ್ಟವು, ಕೆಲವು ಕಡಿತ ಮಾಡಿದವು, ಕೆಲವು ಮುಳುಗಿದವು.

ಬ್ಯಾಂಕುಗಳ ಕಥೆ ಇನ್ನೂ ವಿಚಿತ್ರ. ಉಕ್ಕಿನ ತಿಜೋರಿಗಳು ಬೆಂಕಿಯಲ್ಲೂ ಉಳಿದಿದ್ದವು, ಆದರೆ ಒಳಗೆ ಕಾದ ಬಾಣಲೆಯ ಹಾಗೆ ಬಿಸಿ. ಬಾಗಿಲು ತೆರೆದು ಗಾಳಿ ಹೊಕ್ಕರೆ ನೋಟು, ಲೆಕ್ಕದ ಪುಸ್ತಕ ಎಲ್ಲ ಭಗ್ ಅಂತ ಹೊತ್ತಿಕೊಳ್ಳೋ ಅಪಾಯ. ದಿನಗಟ್ಟಲೆ, ವಾರಗಟ್ಟಲೆ ಕಾಯಬೇಕಾಯಿತು. ದುಡ್ಡಿತ್ತು, ಮುಟ್ಟುವ ಹಾಗಿರಲಿಲ್ಲ.

ಒಂದು ಪುಟ್ಟ ಬ್ಯಾಂಕ್ ಮಾತ್ರ ಕಾಯಲಿಲ್ಲ. ಹಣ್ಣು ತರಕಾರಿಯ ಸಗಟು ವ್ಯಾಪಾರ ಮಾಡಿ ಬೆಳೆದ ಎ.ಪಿ. ಜಿಯಾನಿನಿ, ಇಟಲಿಯಿಂದ ವಲಸೆ ಬಂದ ಸಣ್ಣಪುಟ್ಟ ಜನರಿಗಾಗಿ 1904ರಲ್ಲಿ ಬ್ಯಾಂಕ್ ಆಫ್ ಇಟಲಿ ತೆರೆದಿದ್ದ. ಬೆಂಕಿ ಹತ್ತಿರ ಬರುವ ಮೊದಲೇ ಬ್ಯಾಂಕಿನ ಚಿನ್ನವನ್ನು ತರಕಾರಿ ಗಾಡಿಗೆ ತುಂಬಿ, ಮೇಲೆ ಕಿತ್ತಳೆ ಪೆಟ್ಟಿಗೆ ಜೋಡಿಸಿ ಊರಾಚೆಯ ಮನೆಗೆ ಸಾಗಿಸಿದ. ಉಳಿದ ಬ್ಯಾಂಕಿನವರು ಇನ್ನೂ ತಿಂಗಳುಗಟ್ಟಲೆ ಮುಚ್ಚಿರೋಣ ಅಂತಿದ್ದಾಗ ಇವನು ಹಡಗುಕಟ್ಟೆಯಲ್ಲಿ ಪೀಪಾಯಿಗಳ ಮೇಲೆ ಹಲಗೆ ಹಾಕಿ ಕೂತ ಅಂತ ಹೇಳುತ್ತಾರೆ. ಅಡ ಇಡಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ. ಮುಖ ನೋಡಿ, ಸಹಿ ಹಾಕಿಸಿಕೊಂಡು ಸಾಲ ಕೊಟ್ಟ. ವರ್ಷಗಟ್ಟಲೆ ಮಾರುಕಟ್ಟೆಯಲ್ಲಿ ಓಡಾಡಿದವನಿಗೆ ಯಾರು ಎಂಥವರು ಅಂತ ಗೊತ್ತಿತ್ತು. ಆ ಬ್ಯಾಂಕೇ 1930ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಎಂಬ ಹೆಸರು ಪಡೆಯಿತು.

ಎದೋದವರು ಲೆಕ್ಕವನ್ನು ಕಾಗದದಲ್ಲಿ ಉಳಿಸಿದರು, ಜಿಯಾನಿನಿ ಜನರಲ್ಲಿ ಹುಡುಕಿದ. ಅಂಗಡಿ ಅಂದರೆ ಗೋಡೆ, ಸರಕು ಅಂತ ನಾವು ಅಂದುಕೊಳ್ತೀವಿ. ಅವೆರಡನ್ನೂ ಮತ್ತೆ ಕೊಳ್ಳಬಹುದು. ಯಾರಿಗೆ ಕೊಟ್ಟೆ, ಯಾರಿಂದ ಬರಬೇಕು, ಯಾರನ್ನು ನಂಬಬಹುದು ಎಂಬ ನೆನಪು ಅಳಿಸಿಹೋದರೆ ಯಾವ ಡೀಲರ್ ಹತ್ತಿರವೂ ಅದು ಸಿಗಲ್ಲ. ನಮ್ಮಲ್ಲಿ ಎಷ್ಟು ಜನರ ಸ್ಟಾರ್ಟಪ್, ಸಣ್ಣ ಕ್ಲೌಡ್ ಕಿಚನ್, ಡಿಸೈನ್ ಸ್ಟುಡಿಯೋ ಒಂದೇ ಲ್ಯಾಪ್‌ಟಾಪಿನ ಒಂದೇ ಎಕ್ಸೆಲ್ ಹಾಳೆಯ ಮೇಲೆ ನಿಂತಿಲ್ಲ ಹೇಳಿ?

ಶೆಟ್ರ ಕಥೆಗೆ ಬರ್ತೀನಿ. ನೀರಿಳಿದ ವಾರದಲ್ಲಿ ಅವರು ಹೊಸ ಪುಸ್ತಕ ತಂದು ಗಲ್ಲಾದ ಮೇಲಿಟ್ಟರು. ಯಾರನ್ನೂ ಕೇಳಲಿಲ್ಲ. ಕೆಲವರು ತಾವೇ ಬಂದು ನಂದಿಷ್ಟಿತ್ತು ಅಂತ ಬರೆಸಿದರು. ಕೆಲವರು ಆ ಬೀದಿಯಲ್ಲಿ ಓಡಾಡೋದನ್ನೇ ಬಿಟ್ಟರು. ನಾನು ಹೋಗಿ, “ಶೆಟ್ರೇ, ನಂದೆಷ್ಟು?” ಅಂದೆ.

“ನೀವೇ ಹೇಳಿ ಸಾರ್.”

ನಾನು ಒಂದು ಮೊತ್ತ ಹೇಳಿದೆ. ಅವರು ಬರೆದುಕೊಂಡರು. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಕಡಿಮೆ ಹೇಳಿದೆನೇನೋ ಎಂಬ ಅನುಮಾನ ಮಾತ್ರ ಹೋಗಿಲ್ಲ.

ಈಗ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಅವರ ಮಗಳು ಆ ದಿನದ ಹಾಳೆಯ ಫೋಟೋ ತೆಗೆದು ಹಾಸನದಲ್ಲಿರೋ ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡ್ತಾಳೆ. ಹಾಸನ ನಮ್ಮ ಬೀದಿಯ ಬಾವಿ. ನಿಮ್ಮ ಬಾವಿ ಎಲ್ಲಿದೆ ಅಂತ ಮಳೆಗಾಲಕ್ಕೆ ಮುಂಚೆ ಒಂದ್ಸಲ ನೋಡ್ಕೊಳ್ಳಿ.